ಸಾವಿನ ಕಣಿವೆಯಲ್ಲಿ ನೀರಿನ ಲೆಕ್ಕ

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿ ದುಡಿದವನು ನಾನು. ಬಿ.ಕಾಂ. ಓದಿದ್ದು ಲೆಕ್ಕ, ಹೊಟ್ಟೆ ಹೊರೆದದ್ದೂ ಲೆಕ್ಕದಿಂದಲೇ. ನಿವೃತ್ತನಾದ ಮೇಲೂ ಆ ಚಟ ಬಿಟ್ಟಿಲ್ಲ. ಹಾಲಿನ ಲೆಕ್ಕ, ತೆಂಗಿನಕಾಯಿಯ ಲೆಕ್ಕ, ಕರೆಂಟ್ ಬಿಲ್ಲಿನ ಲೆಕ್ಕ ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿ ಇರಲೇಬೇಕು. ಇಂಥ ನಾನು ಒಮ್ಮೆ ಲೆಕ್ಕ ತಪ್ಪಿದೆ. ಅದೂ ನೀರಿನ ಲೆಕ್ಕ. ಅದೂ ಎಲ್ಲಿ? ಭೂಮಿಯ ಮೇಲೆ ಅತಿ ಹೆಚ್ಚು ಉಷ್ಣತೆ ದಾಖಲಾದ ಜಾಗದಲ್ಲಿ! ಆ ಕಥೆಯನ್ನೇ ಈಗ ಹೇಳುತ್ತೇನೆ.

2019ರ ಏಪ್ರಿಲ್ ಮೊದಲ ವಾರ. ನಾನೂ ನನ್ನಾಕೆಯೂ ಅಮೆರಿಕದ ಲಾಸ್ ಏಂಜಲೀಸ್ ಬಳಿ ಇರುವ ಮಗನ ಮನೆಗೆ ಹೋಗಿದ್ದೆವು. ಮೊಮ್ಮಕ್ಕಳಿಬ್ಬರು. ಪುಟ್ಟನಿಗೆ ಆಗ ಒಂಬತ್ತು ವರ್ಷ, ಅವನ ತಂಗಿ ಚಿನ್ನುವಿಗೆ ಆರು. ಅವರ ಶಾಲೆಗೆ ಒಂದು ವಾರದ ವಸಂತದ ರಜೆ ಬಂತು. "ಅಪ್ಪ, ಈ ಸಲ ಮರುಭೂಮಿ ನೋಡೋಣ. ಕಾರಿನಲ್ಲೇ ಕೂತು ನೋಡುವಂಥ ದಾರಿಗಳಿವೆ. ಅಮ್ಮನ ಮಂಡಿಗೂ ತೊಂದರೆಯಿಲ್ಲ" ಎಂದ ಮಗ.

ನನಗೆ ನಗು ಬಂತು. ನಾವು ಕುಮಟಾ ಕಡೆಯವರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ಮಳೆಗಾಲದಲ್ಲಿ ಮೇಲೂ ಕೆಳಗೂ ನೀರು. ಏನೂ ಇಲ್ಲದ ಜಾಗವನ್ನು ನೋಡಲು ಪೆಟ್ರೋಲು ಸುಟ್ಟುಕೊಂಡು ಹೋಗುವುದೇ? ಆದರೆ ಕೋಶ ಓದು, ದೇಶ ಸುತ್ತು ಎಂದು ಮಕ್ಕಳಿಗೆ ಉಪದೇಶ ಮಾಡಿದವನು ನಾನೇ ತಾನೆ. ಹೊರಟೆ.

ನಾವು ಹೋದದ್ದು ಡೆತ್ ವ್ಯಾಲಿಗೆ. ಕನ್ನಡದಲ್ಲಿ ಹೇಳಿದರೆ ಸಾವಿನ ಕಣಿವೆ. ಹೆಸರು ಕೇಳಿಯೇ ನನ್ನಾಕೆ "ಬೇರೆ ಹೆಸರಿನ ಊರು ಸಿಗಲಿಲ್ಲವೇ?" ಎಂದಳು.

ಬೆಳಗಿನ ಜಾವ ಹೊರಟು, ಮೊಹಾವಿ ಮರುಭೂಮಿಯ ನಡುವೆ ನೇರವಾದ ಹೆದ್ದಾರಿಯಲ್ಲಿ ಓಡಿದೆವು. ಬೇಕರ್ ಎಂಬ ಪುಟ್ಟ ಊರು ಬಂತು. ಅಲ್ಲಿ ಒಂದು ವಿಚಿತ್ರ ಕಂಬ. ಅದು ಕಂಬವಲ್ಲ, ಥರ್ಮಾಮೀಟರ್! ಎತ್ತರ 134 ಅಡಿ. ಏಕೆ 134 ಗೊತ್ತೇ ಮಕ್ಕಳೇ? 1913ರ ಜುಲೈ 10ರಂದು ಸಾವಿನ ಕಣಿವೆಯ ಫರ್ನೇಸ್ ಕ್ರೀಕ್‌ನಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆ ದಾಖಲಾಯಿತು. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ 56.7 ಡಿಗ್ರಿ. ಅದರ ನೆನಪಿಗಾಗಿ ಒಂದು ಡಿಗ್ರಿಗೆ ಒಂದು ಅಡಿಯಂತೆ ಕಟ್ಟಿದ್ದಾರೆ. ಲೆಕ್ಕದ ಮನುಷ್ಯನಾದ ನನಗೆ ಆ ಕಂಬ ಬಹಳ ಹಿಡಿಸಿತು.

ಅಲ್ಲಿಂದ ಉತ್ತರಕ್ಕೆ ತಿರುಗಿ, ಮಧ್ಯಾಹ್ನದ ಹೊತ್ತಿಗೆ ಡಾಂಟೆಸ್ ವ್ಯೂ ಎಂಬ ಬೆಟ್ಟದ ತುದಿಗೆ ಕಾರಿನಲ್ಲೇ ಏರಿದೆವು. ಎತ್ತರ 1,669 ಮೀಟರ್. ತಂಪು ಗಾಳಿ ಬೀಸುತ್ತಿತ್ತು. ನನ್ನಾಕೆ ಶಾಲು ಹೊದ್ದಳು. ಕೆಳಗೆ ನೋಡಿದರೆ ಉದ್ದಕ್ಕೂ ಬಿಳಿಯ ಬಯಲು. ಯಾರೋ ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಿಸಿ, ಅದು ಉಕ್ಕಿ ಚೆಲ್ಲಿ ಒಣಗಿದಂತೆ. ಎದುರಿನ ಪರ್ವತದ ಮೇಲೆ ಹಿಮ. ಅದು ಟೆಲಿಸ್ಕೋಪ್ ಶಿಖರ, 3,366 ಮೀಟರ್. ಕೆಳಗೆ ಉರಿಯುವ ಬಯಲು, ಮೇಲೆ ಹಿಮ, ಎರಡೂ ಒಂದೇ ನೋಟದಲ್ಲಿ. ನಾನು ಏನೂ ಇಲ್ಲದ ಜಾಗ ಎಂದುಕೊಂಡಿದ್ದೆನಲ್ಲ, ಆ ಮಾತನ್ನು ಅಲ್ಲೇ ನುಂಗಿಕೊಂಡೆ.

"ಅಜ್ಜ, ಇಲ್ಲಿ ಮಳೆ ಯಾಕೆ ಬರಲ್ಲ?" ಎಂದು ಪುಟ್ಟ ಕೇಳಿದ.

ಇದಕ್ಕೆ ಉತ್ತರ ಹೇಳಲು ನಮ್ಮ ಊರೇ ಸಾಕು. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಗೆ ಢಿಕ್ಕಿ ಹೊಡೆದು ಕುಮಟಾದಲ್ಲಿ ಮಳೆ ಸುರಿಸುತ್ತವೆ. ಘಟ್ಟ ದಾಟುವಷ್ಟರಲ್ಲಿ ಚೀಲ ಖಾಲಿ. ಅದಕ್ಕೇ ಬಯಲುಸೀಮೆಯಲ್ಲಿ ಮಳೆ ಕಡಿಮೆ. ಇಲ್ಲಿಯೂ ಹಾಗೆಯೇ. ಪೆಸಿಫಿಕ್ ಸಾಗರದ ಮೋಡಗಳು ಸಿಯೆರಾ ನೆವಾಡ ಮೊದಲಾದ ಒಂದಲ್ಲ, ಹಲವು ಪರ್ವತಸಾಲುಗಳನ್ನು ದಾಟಿ ಬರಬೇಕು. ಇಲ್ಲಿಗೆ ಬರುವಾಗ ಅವುಗಳ ಬಳಿ ಕೊಡಲು ಏನೂ ಉಳಿದಿರುವುದಿಲ್ಲ. ವರ್ಷಕ್ಕೆ ಸರಾಸರಿ ಎರಡು ಇಂಚಿನಷ್ಟು ಮಳೆ. ನಮ್ಮಲ್ಲಿ ಆಷಾಢದ ಒಂದು ಜೋರು ದಿನಕ್ಕೆ ಅದಕ್ಕಿಂತ ಹೆಚ್ಚು ಬರುತ್ತದೆ. ಸೆಕೆಗೂ ಕಾರಣವಿದೆ. ಕಣಿವೆ ಆಳ, ಸುತ್ತಲೂ ಎತ್ತರದ ಗೋಡೆ. ಬಿಸಿಯಾದ ಗಾಳಿ ಮೇಲೇರಿದರೂ ಹೊರಗೆ ಹೋಗಲಾರದೆ ಮತ್ತೆ ಕೆಳಗಿಳಿಯುತ್ತದೆ, ಇಳಿಯುತ್ತಾ ಇನ್ನಷ್ಟು ಬಿಸಿಯಾಗುತ್ತದೆ. ಮುಚ್ಚಳ ಹಾಕಿದ ಬಾಣಲೆ ಎಂದುಕೊಳ್ಳಿ.

ಆ ರಾತ್ರಿ ಫರ್ನೇಸ್ ಕ್ರೀಕ್‌ನ ಒಂದು ವಸತಿಗೃಹದಲ್ಲಿ ಉಳಿದೆವು. ಫರ್ನೇಸ್ ಎಂದರೆ ಕುಲುಮೆ. ಊಟದ ಹೊತ್ತಿಗೆ ಮಗ ಈ ಕಣಿವೆಗೆ ಹೆಸರು ಬಂದ ಕಥೆ ಹೇಳಿದ.

1849ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಗುತ್ತದೆಂದು ಸಾವಿರಾರು ಜನ ಗಾಡಿ ಕಟ್ಟಿಕೊಂಡು ಹೊರಟರು. ಕೆಲವರು ಹತ್ತಿರದ ದಾರಿ ಹುಡುಕುತ್ತಾ ಈ ಕಣಿವೆಗೆ ಬಂದು ಸಿಕ್ಕಿಬಿದ್ದರು. ಬೆನೆಟ್ ಮತ್ತು ಆರ್ಕನ್ ಎಂಬ ಎರಡು ಕುಟುಂಬಗಳಲ್ಲಿ ನಾಲ್ಕು ಜನ ಸಣ್ಣ ಮಕ್ಕಳು. ಪಶ್ಚಿಮದಲ್ಲಿ ಪರ್ವತ, ಗಾಡಿ ದಾಟುವುದಿಲ್ಲ. ಆಹಾರ ಮುಗಿಯುತ್ತಾ ಬಂತು. ಕಣಿವೆಯ ಒಂದು ಒರತೆಯ ಬಳಿ ಅವರನ್ನು ಬಿಟ್ಟು, ವಿಲಿಯಂ ಮ್ಯಾನ್ಲಿ, ಜಾನ್ ರೋಜರ್ಸ್ ಎಂಬ ಇಬ್ಬರು ತರುಣರು ಸಹಾಯ ತರಲು ನಡೆದೇ ಹೊರಟರು. ಸುಮಾರು 400 ಕಿಲೋಮೀಟರ್ ದಾರಿ. ಅವರು ಆ ಕುಟುಂಬಗಳ ನೆಂಟರಲ್ಲ. ಹೋದವರು ಹೋಗಿಯೇ ಬಿಡಬಹುದಿತ್ತು. ಆದರೆ 26 ದಿನಗಳ ಮೇಲೆ ಇಬ್ಬರೂ ಆಹಾರ ಹೊತ್ತು ಹಿಂದಿರುಗಿದರು! ದಾರಿಯಲ್ಲಿ ಒಬ್ಬ ಗೃಹಿಣಿ, ಮರುಭೂಮಿಯಲ್ಲಿ ನಾಲ್ಕು ಮಕ್ಕಳಿದ್ದಾರೆಂದು ತಿಳಿದು ನಾಲ್ಕು ಕಿತ್ತಳೆ ಹಣ್ಣು ಕೊಟ್ಟಿದ್ದಳಂತೆ. ಹೊರಡುವಾಗ ಅಂಗಿಗಳನ್ನು ಹೊಲಿದು ಚೀಲ ಮಾಡಿ, ಕ್ರಂಪ್ ಎಂಬ ಸಾಧು ಎತ್ತಿನ ಎರಡು ಬದಿಗೆ ಜೋತುಬಿಟ್ಟು, ಮಕ್ಕಳನ್ನು ಅದರಲ್ಲಿ ಕೂರಿಸಿ ಕರೆದೊಯ್ದರು. ಬೆಟ್ಟ ಹತ್ತಿ ಕೊನೆಯ ಬಾರಿ ತಿರುಗಿ ನೋಡಿದಾಗ ಅವರಲ್ಲೊಬ್ಬರು ಈ ಜಾಗಕ್ಕೆ ಸಾವಿನ ಕಣಿವೆ ಎಂದು ಹೆಸರಿಟ್ಟು ವಿದಾಯ ಹೇಳಿದರೆಂದು ಪ್ರತೀತಿ. ನಾಲ್ಕು ಮಕ್ಕಳೂ ಬದುಕಿದರು.

"ಆ ಮಕ್ಕಳು ಕಾದ ಜಾಗ ನೋಡಬೇಕು" ಎಂದ ಪುಟ್ಟ. "ಎತ್ತು ನೋಡಬೇಕು" ಎಂದಳು ಚಿನ್ನು.

ಈ ಕಣಿವೆಯಲ್ಲಿ ಸಾಯದೆ, ಸುಖವಾಗಿಯೇ ಸಾವಿರ ವರ್ಷ ಬದುಕಿದ ಜನರೂ ಇದ್ದಾರೆ ಎಂಬುದನ್ನೂ ಹೇಳಬೇಕು. ಅವರು ಟಿಂಬಿಶಾ ಶೋಶೋನಿ ಎಂಬ ಮೂಲನಿವಾಸಿಗಳು. ಬೇಸಗೆಯಲ್ಲಿ ಬೆಟ್ಟ ಹತ್ತಿ ತಂಪಿನಲ್ಲಿರುವುದು, ಚಳಿಗಾಲಕ್ಕೆ ಕಣಿವೆಗೆ ಇಳಿಯುವುದು ಅವರ ಕ್ರಮ. ಮೆಸ್ಕೀಟ್ ಮರದ ಕಾಯಿ ಕುಟ್ಟಿ ಹಿಟ್ಟು ಮಾಡಿ ತಿನ್ನುತ್ತಿದ್ದರು. ಮೆಸ್ಕೀಟ್ ಅಂದರೆ ಬೇರೇನಲ್ಲ, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಅವರ ಪಾಲಿಗೆ ಇದು ಮನೆ, ಸಾವಿನ ಜಾಗವಲ್ಲ. 2000ನೇ ಇಸವಿಯಲ್ಲಿ ಒಂದು ಕಾನೂನಿನ ಮೂಲಕ ಅವರ ಭೂಮಿಯ ಒಂದಿಷ್ಟು ಭಾಗವನ್ನು ಅವರಿಗೆ ಮರಳಿಸಲಾಯಿತು.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ಮರುಭೂಮಿಯಲ್ಲಿ ತಿರುಗಾಡುವಾಗ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಎಂದರೆ ಸುಮಾರು ನಾಲ್ಕು ಲೀಟರ್ ನೀರು ಕಾರಿನಲ್ಲಿರಬೇಕು ಎಂಬುದು ಅಲ್ಲಿಯ ನಿಯಮ. ನಾವು ಆರು ಜನ. ಸೊಸೆ ಲೆಕ್ಕಹಾಕಿ ಆರು ಕ್ಯಾನ್ ತಂದಿದ್ದಳು. ಮರುದಿನ ಬೆಳಿಗ್ಗೆ ಅವನ್ನು ಕಾರಿಗೆ ತುಂಬುವ ಕೆಲಸ ಪುಟ್ಟನದು. ಎರಡೆರಡಾಗಿ ಹೊತ್ತು, ಬೆವರು ಒರೆಸಿಕೊಂಡು, ಆರನ್ನೂ ಡಿಕ್ಕಿಯಲ್ಲಿಟ್ಟು "ಡನ್ ಅಜ್ಜ" ಎಂದು ತಿಂಡಿಗೆ ಓಡಿದ.

ನಾನು ನನ್ನಾಕೆಯ ಮಡಿಸುವ ಕುರ್ಚಿಯನ್ನು ಡಿಕ್ಕಿಗೆ ತೂರಿಸಲು ಹೋದೆ. ಜಾಗವಿಲ್ಲ. ನನ್ನ ತಲೆಯೊಳಗಿನ ಗುಮಾಸ್ತ ಎಚ್ಚರಗೊಂಡ. ಸುತ್ತುವುದು ಒಂದು ದಿನ, ಸಂಜೆಗೆ ಇದೇ ಕೋಣೆಗೆ ವಾಪಸು, ಎಲ್ಲರ ಕೈಯಲ್ಲೂ ಒಂದೊಂದು ಬಾಟಲಿ ಇದೆ. ಇಷ್ಟೊಂದು ನೀರು ಏತಕ್ಕೆ? ನಾಲ್ಕು ಕ್ಯಾನ್‌ಗಳನ್ನು ಎತ್ತಿ ಕೋಣೆಯ ಮಂಚದಡಿ ಇಟ್ಟು, ಕುರ್ಚಿಯನ್ನು ಡಿಕ್ಕಿಗೆ ಸೇರಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಬೇಕು ಎಂದು ಅನ್ನಿಸಲೂ ಇಲ್ಲ.

ಮೊದಲು ಹೋದದ್ದು ಬ್ಯಾಡ್‌ವಾಟರ್‌ಗೆ. ಉತ್ತರ ಅಮೆರಿಕದಲ್ಲೇ ಅತಿ ತಗ್ಗಿನ ನೆಲ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ. ಹಿಂದಿನ ಕಡಿದಾದ ಗುಡ್ಡದ ಮೇಲೆ ಬಹಳ ಎತ್ತರದಲ್ಲಿ ಒಂದು ಫಲಕ ಕಾಣುತ್ತದೆ: ಸಮುದ್ರಮಟ್ಟ ಇಲ್ಲಿ ಎಂದು. ಕಡಲತೀರದವನಾದ ನನಗೆ ತಲೆ ಎತ್ತಿ ಸಮುದ್ರಮಟ್ಟವನ್ನು ನೋಡುವುದು ಹೊಸ ಅನುಭವ. ಕುಮಟಾದ ಸಮುದ್ರ ಇಲ್ಲಿಗೆ ಬಂದರೆ ಇಪ್ಪತ್ತೈದು ಮಹಡಿಯ ಕಟ್ಟಡ ಮುಳುಗಿಹೋಗುತ್ತದೆ!

ಅಲ್ಲಿ ಒಂದು ಸಣ್ಣ ಹೊಂಡವಿದೆ. ಹಿಂದೆ ಸರ್ವೆಗೆ ಬಂದವನೊಬ್ಬನ ಹೇಸರಗತ್ತೆ ಎಷ್ಟು ಬಾಯಾರಿದ್ದರೂ ಆ ನೀರನ್ನು ಮುಟ್ಟಲಿಲ್ಲವಂತೆ. ಅವನು ನಕ್ಷೆಯಲ್ಲಿ "ಕೆಟ್ಟ ನೀರು" ಎಂದು ಬರೆದ, ಅದೇ ಹೆಸರಾಯಿತು. ಆ ಉಪ್ಪುನೀರಿನಲ್ಲೂ ಸಾಸಿವೆಯಷ್ಟು ಚಿಕ್ಕ ಬಸವನಹುಳುಗಳು ಬದುಕುತ್ತವೆ. ಆಚೆಗೆ ಮೈಲುಗಟ್ಟಲೆ ಉಪ್ಪು. ಒಂದು ಕಾಲದಲ್ಲಿ ಇಲ್ಲಿ ದೊಡ್ಡ ಸರೋವರವಿತ್ತು. ನೀರು ಆವಿಯಾಗಿ ಉಪ್ಪು ಉಳಿಯಿತು. ಆ ಪುರಾತನ ಸರೋವರಕ್ಕೆ ಈಗ ಮ್ಯಾನ್ಲಿಯ ಹೆಸರನ್ನೇ ಇಟ್ಟಿದ್ದಾರೆ. ನೆಲದ ಮೇಲೆ ಉಪ್ಪು ಜೇನುಗೂಡಿನಂತೆ ಕೋಣೆ ಕೋಣೆಯಾಗಿ ಗೆರೆ ಎಳೆದಿತ್ತು. ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೋಡಿ ಬೆಳೆದವನು ನಾನು. ಅಲ್ಲಿ ಜನ ಬದು ಕಟ್ಟಿ, ಸಮುದ್ರದ ನೀರು ಹಾಯಿಸಿ, ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುತ್ತಾರೆ. ಇಲ್ಲಿ ಅದೇ ಕೆಲಸವನ್ನು ಬಿಸಿಲು ಒಂದೇ ಮಾಡಿ ಮುಗಿಸಿದೆ.

ಅಲ್ಲಿಂದ ಸ್ವಲ್ಪ ಹಿಂದೆ ಬಂದು 'ಆರ್ಟಿಸ್ಟ್ಸ್ ಡ್ರೈವ್' ಹಿಡಿದೆವು. ಕಲಾವಿದನ ದಾರಿ. ಒಮ್ಮುಖ ರಸ್ತೆ, ಸುಮಾರು ಹದಿನಾಲ್ಕು ಕಿಲೋಮೀಟರ್. ಗುಡ್ಡಗಳ ಸಂದಿಯಲ್ಲಿ ಏರಿ ಇಳಿದು, ಹಾವಿನಂತೆ ಹೊರಳಿ ಹೋಗುತ್ತದೆ. ಪ್ರತಿ ತಿರುವಿಗೂ ಮಕ್ಕಳು "ಹೋ" ಎನ್ನುತ್ತಿದ್ದರು. ಹೇಳಲು ನಾಚಿಕೆಯಿಲ್ಲ, ನಾನೂ ಎಂದೆ. ನಡುವೆ ಒಂದು ಕಡೆ ಇಡೀ ಗುಡ್ಡಕ್ಕೆ ಬಣ್ಣ ಬಳಿದಂತಿದೆ. ಕೆಂಪು, ಹಳದಿ, ಗುಲಾಬಿ ಬಣ್ಣಗಳು ಕಬ್ಬಿಣದ ಅಂಶದಿಂದ, ನೇರಳೆ ಮ್ಯಾಂಗನೀಸಿನಿಂದ, ಹಸಿರು ಜ್ವಾಲಾಮುಖಿಯ ಬೂದಿಯಲ್ಲಿದ್ದ ಖನಿಜಗಳಿಂದ. ನನ್ನಾಕೆ ನೋಡಿ, "ಹೋಳಿ ಆಡಿ ಸ್ನಾನ ಮಾಡದೆ ಮಲಗಿದ ಹಾಗಿದೆ" ಎಂದಳು.

ಮಧ್ಯಾಹ್ನ ಒಂದು ಗಂಟೆ. ಬುತ್ತಿ ಬಿಚ್ಚಿ ಚಪಾತಿ ತಿಂದೆವು. ಪುಟ್ಟ ಹಟ ಹಿಡಿದ: ಮಕ್ಕಳು ಕಾದ ಜಾಗ! ಆ ಕಡೆಗೆ ಹೋಗುವುದು ವೆಸ್ಟ್ ಸೈಡ್ ರಸ್ತೆ. ಉಪ್ಪಿನ ಬಯಲನ್ನು ಅಡ್ಡ ದಾಟಿ ಕಣಿವೆಯ ಪಶ್ಚಿಮ ಅಂಚಿನಲ್ಲಿ ಸಾಗುವ ಜಲ್ಲಿಯ ರಸ್ತೆ. ಡಾಂಬರಿಲ್ಲ, ವಾಹನಗಳೂ ಅಪರೂಪ. ಮಗನ ಕಾರು ಎತ್ತರದ್ದೇ ಆದ್ದರಿಂದ ಧೈರ್ಯ ಮಾಡಿದ. ಇಪ್ಪತ್ತು ಕಿಲೋಮೀಟರಿನಷ್ಟು ಹೋಗಿರಬಹುದು. 'ಢಬ್' ಎಂಬ ಸದ್ದು. ಹಿಂದಿನ ಗಾಲಿ ಚೂಪುಕಲ್ಲಿಗೆ ಸಿಕ್ಕಿ ಸೀಳಿಹೋಗಿತ್ತು.

"ಸ್ಟೆಪ್ನಿ ಇದೆ, ಅರ್ಧ ಗಂಟೆಯ ಕೆಲಸ" ಎಂದ ಮಗ. ಸ್ಟೆಪ್ನಿ ಇತ್ತು, ಅದರಲ್ಲಿ ಗಾಳಿ ಇರಲಿಲ್ಲ. ಮೂರು ವರ್ಷದಿಂದ ಅದನ್ನು ಮುಟ್ಟಿಯೇ ಇಲ್ಲವೆಂದು ಒಪ್ಪಿಕೊಂಡ. ಮೊಬೈಲ್ ತೆಗೆದ. ಸಿಗ್ನಲ್ ಇಲ್ಲ. ಕಾರಿನ ಥರ್ಮಾಮೀಟರ್ 36 ಡಿಗ್ರಿ ತೋರಿಸುತ್ತಿತ್ತು. ಸುತ್ತ ಮರವಿಲ್ಲ, ನೆರಳಿಲ್ಲ. ಮೊಣಕಾಲೆತ್ತರದ ಪೊದೆಗಳು, ಆಚೆಗೆ ಉಪ್ಪು.

"ಪರವಾಗಿಲ್ಲ, ನೀರು ಬೇಕಾದಷ್ಟಿದೆ" ಎನ್ನುತ್ತಾ ಸೊಸೆ ಡಿಕ್ಕಿಯ ಸಾಮಾನು ಸರಿಸಿದಳು. ಬೆಳಗಿನಿಂದ ಎಲ್ಲರೂ ಕೈಬಾಟಲಿಯ ನೀರನ್ನೇ ಕುಡಿದಿದ್ದೆವು. ಕ್ಯಾನ್‌ಗಳನ್ನು ಯಾರೂ ನೋಡಿರಲಿಲ್ಲ. ಬಾಟಲಿಗಳು ಖಾಲಿಯಾಗಿದ್ದವು.

"ಎರಡೇ ಇವೆ!" ಎಂದಳು. ಕುರ್ಚಿ ಎತ್ತಿದಳು, ಚೀಲ ಎತ್ತಿದಳು. ಆಮೇಲೆ ಪುಟ್ಟನ ಕಡೆ ತಿರುಗಿದಳು. "ಆರೂ ಇಡು ಅಂತ ಹೇಳಿದ್ದೆ ಅಲ್ವಾ? ಎರಡು ಇಟ್ಟು ಆಟಕ್ಕೆ ಓಡಿದೆಯಾ?"

"ಇಟ್ಟಿದ್ದೆ ಅಮ್ಮ. ಸಿಕ್ಸ್. ಎಣಿಸಿದ್ದೆ."

"ಸುಳ್ಳು ಹೇಳಬೇಡ" ಎಂದ ಮಗ. ಅವನಿಗೂ ಗಾಬರಿ, ಗಾಬರಿಯಾದಾಗ ದನಿ ಏರುತ್ತದೆ. ಪುಟ್ಟನ ಕೆಳದುಟಿ ನಡುಗತೊಡಗಿತು.

ಮಕ್ಕಳೇ, ಆಗ ನಾನು ತಕ್ಷಣ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಎಷ್ಟು ಹೊತ್ತು? ಅರ್ಧ ನಿಮಿಷವಿರಬಹುದು. ಆ ಅರ್ಧ ನಿಮಿಷದಲ್ಲಿ ನನ್ನ ತಲೆಯಲ್ಲಿ ಓಡಿದ ಯೋಚನೆಗಳನ್ನು ಬರೆಯಲು ಇಂದಿಗೂ ಸಂಕೋಚ. ಮಗುವಿಗೆ ಬೈಗುಳ ಬಿದ್ದರೆ ಸಂಜೆಗೆ ಮರೆತುಬಿಡುತ್ತಾನೆ. ನನ್ನ ಮರ್ಯಾದೆ ಹೋದರೆ ವಾಪಸು ಬರುತ್ತದೆಯೇ? ಊರಿಗೆಲ್ಲ ಲೆಕ್ಕ ಹೇಳುವ ಮುದುಕ, ಮೊಮ್ಮಕ್ಕಳ ನೀರನ್ನೇ ಮಂಚದಡಿ ಬಿಟ್ಟುಬಂದ ಎಂದರೆ?

ಆಗ ನೆನಪಾದದ್ದು 1979ರ ಒಂದು ಸಂಜೆ. ಘಟ್ಟದ ಮೇಲಿನ ಒಂದು ಶಾಖೆಯಲ್ಲಿದ್ದೆ. ದಿನದ ಕೊನೆಗೆ ನಗದು ಎಣಿಸಿದರೆ ನೂರು ರೂಪಾಯಿ ಕಡಿಮೆ. ನೋಟಿನ ಕಟ್ಟುಗಳನ್ನು ತಿಜೋರಿಗೆ ಹೊತ್ತವನು ಒಬ್ಬ ಜವಾನ. ಎಲ್ಲರ ಕಣ್ಣೂ ಅವನ ಮೇಲೆ. ನಾನು ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಹೊಳೆಯಿತು: ಒಬ್ಬ ಗ್ರಾಹಕರಿಗೆ ನಾನೇ ಒಂದು ನೋಟು ಹೆಚ್ಚು ಕೊಟ್ಟಿದ್ದೆ. ಆಗಲೇ ಎದ್ದು ಹೋಗಿ ಹೇಳಬಹುದಿತ್ತು. ಬೆಳಿಗ್ಗೆ ಹೇಳಿದರಾಯಿತು ಎಂದು ಮಲಗಿದೆ. ಬೆಳಿಗ್ಗೆ ಹೇಳಿದೆ, ಹಣ ಕಟ್ಟಿದೆ, ಎಲ್ಲವೂ ಸರಿಹೋಯಿತು. ಆದರೆ ಆ ರಾತ್ರಿ ಜವಾನನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲವೆಂದು ಆಮೇಲೆ ತಿಳಿಯಿತು. ನೂರು ರೂಪಾಯಿ ತುಂಬಿಕೊಟ್ಟೆ. ಆ ರಾತ್ರಿಯನ್ನು ತುಂಬಿಕೊಡಲು ನನ್ನಿಂದ ಆಗಲಿಲ್ಲ.

"ಅವನು ಆರೂ ಇಟ್ಟಿದ್ದ" ಎಂದೆ. "ನಾಲ್ಕನ್ನು ತೆಗೆದವನು ನಾನು. ಮಂಚದಡಿ ಇವೆ. ಯಾರಿಗೂ ಹೇಳಲಿಲ್ಲ. ತಪ್ಪು ನನ್ನದು."

ಯಾರೂ ಮಾತಾಡಲಿಲ್ಲ. ಸೊಸೆ ಪುಟ್ಟನನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಗ ದೂರ ನೋಡುತ್ತಾ ನಿಂತ. ಪುಟ್ಟ ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ದೊಡ್ಡವರೂ ತಪ್ಪು ಮಾಡಿದೆ ಎನ್ನುತ್ತಾರೆ ಎಂಬುದು ಅವನಿಗೆ ಆಗಲೇ ಗೊತ್ತಾದದ್ದೋ ಏನೋ.

"ನಾನು ನಡೆದು ಹೋಗಿ ಯಾರನ್ನಾದರೂ ಕರೆತರುತ್ತೇನೆ" ಎಂದು ಮಗ ಹೊರಟ. ಸೊಸೆ ತಡೆದಳು. ಅವಳ ಮಾತೇ ಸರಿ. ಮರುಭೂಮಿಯಲ್ಲಿ ಗಾಡಿ ಕೆಟ್ಟರೆ ಗಾಡಿಯ ಬಳಿಯೇ ಇರಬೇಕು. ಹುಡುಕುವವರಿಗೆ ಕಾರು ದೂರದಿಂದ ಕಾಣುತ್ತದೆ. ಬಿಸಿಲಿನಲ್ಲಿ ನಡೆಯುವ ಮನುಷ್ಯ ಕಾಣುವುದಿಲ್ಲ, ಅವನ ನೀರೂ ಬೇಗ ಮುಗಿಯುತ್ತದೆ. ಬಾನೆಟ್ ಎತ್ತಿ ನಿಲ್ಲಿಸಿದೆವು. ಕಾರಿನ ಒಂದು ಬದಿಗೆ ನನ್ನಾಕೆಯ ಸೀರೆಯನ್ನು ಕಟ್ಟಿ ನೆರಳು ಮಾಡಿದೆವು. ನೀರಿನ ಲೆಕ್ಕವನ್ನು ಪುಟ್ಟನಿಗೆ ಒಪ್ಪಿಸಿದೆ. ನನ್ನ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಆರು ಹೆಸರು ಬರೆದು, ಯಾರು ಎಷ್ಟು ಲೋಟ ಕುಡಿದರೆಂದು ಗೀಟು ಹಾಕತೊಡಗಿದ. ಎರಡು ಕ್ಯಾನ್ ಎಂದರೆ ಏಳೂವರೆ ಲೀಟರ್, ಆರು ಜನ. ತಲೆಗೆ ಒಂದೂಕಾಲು ಲೀಟರ್. ಸಂಜೆಯವರೆಗೆ ಭಯವಿಲ್ಲ. ರಾತ್ರಿಯಾಗಿ, ಮರುದಿನದ ಬಿಸಿಲೂ ಏರಿದರೆ? ಆ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಚಿನ್ನು ಚಕ್ಕುಲಿ ಡಬ್ಬಕ್ಕೆ ಕೈ ಹಾಕಿದಳು. ಅಜ್ಜಿ ಥಟ್ಟನೆ ಮುಚ್ಚಳ ಹಾಕಿ, "ಬೇಡ ಕಂದ. ಉಪ್ಪು ತಿಂದವರು ನೀರು ಕುಡಿಯಲೇಬೇಕು" ಎಂದಳು. ಹೇಳಿದ ಮೇಲೆ ನನ್ನ ಮುಖ ನೋಡಿದಳು. ಗಾದೆಯ ಎರಡನೆಯ ಅರ್ಥ ಎಲ್ಲರಿಗೂ ಹೊಳೆಯಿತು. ಮೊದಲು ನಕ್ಕವನು ಮಗ. ಆಮೇಲೆ ಎಲ್ಲರೂ ನಕ್ಕೆವು, ಸುತ್ತಲಿನ ಅಷ್ಟು ಉಪ್ಪಿನ ನಡುವೆ.

ಕಾಯುವಾಗ ಕಥೆ ಬೇಕಲ್ಲ. ಮಗ ಒಂದು ಒಗಟು ಹೇಳಿದ. ಇದೇ ಕಣಿವೆಯ ಸೀಮೆಯಲ್ಲಿ ರೇಸ್‌ಟ್ರ್ಯಾಕ್ ಎಂಬ ಒಣಗಿದ ಕೆರೆಯಂಗಳವಿದೆ. ಅಲ್ಲಿ ದೊಡ್ಡ ದೊಡ್ಡ ಕಲ್ಲುಗಳು ತಾವೇ ಚಲಿಸುತ್ತವೆ. ಹಿಂದೆ ಉದ್ದನೆಯ ಗೀರು ಬಿಟ್ಟಿರುತ್ತವೆ. ಯಾರು ತಳ್ಳುತ್ತಾರೆ? ಭೂತ ಎಂದಳು ಚಿನ್ನು. ಉತ್ತರ ಸಿಕ್ಕದ್ದು 2014ರಲ್ಲಿ. ಚಳಿಗಾಲದಲ್ಲಿ ಅಂಗಳದಲ್ಲಿ ತೆಳ್ಳಗೆ ನೀರು ನಿಂತು, ರಾತ್ರಿ ಹೆಪ್ಪುಗಟ್ಟುತ್ತದೆ. ಬಿಸಿಲೇರಿದಾಗ ಹಾಳೆಯಂಥ ಆ ಮಂಜುಗಡ್ಡೆ ಒಡೆದು, ಮೆಲುಗಾಳಿಗೆ ತೇಲುತ್ತಾ ಕಲ್ಲುಗಳನ್ನು ನಿಧಾನವಾಗಿ ತಳ್ಳುತ್ತದೆ. ವಿಜ್ಞಾನಿಗಳು ಕಲ್ಲುಗಳಿಗೆ ಜಿಪಿಎಸ್ ಕಟ್ಟಿ ಕಾದು ಇದನ್ನು ಕಂಡುಹಿಡಿದರು.

ನಾನು ಬಿಳಿಗಾರದ ಕಥೆ ಹೇಳಿದೆ. ಅಕ್ಕಸಾಲಿಗರು ಬೆಸುಗೆಗೆ ಬಳಸುತ್ತಾರಲ್ಲ, ಅದೇ ಬಿಳಿಗಾರ, ಬೋರಾಕ್ಸ್. 1883ರಿಂದ 1888ರವರೆಗೆ ಈ ಕಣಿವೆಯಲ್ಲಿ ಅದನ್ನು ತೆಗೆದು, ಇಪ್ಪತ್ತು ಪ್ರಾಣಿಗಳನ್ನು ಕಟ್ಟಿದ ಗಾಡಿಗಳಲ್ಲಿ 265 ಕಿಲೋಮೀಟರ್ ದೂರದ ರೈಲು ನಿಲ್ದಾಣಕ್ಕೆ ಸಾಗಿಸುತ್ತಿದ್ದರು. ಎರಡು ದೊಡ್ಡ ಗಾಡಿಗಳ ಹಿಂದೆ ಮೂರನೆಯದೊಂದು. ಅದರಲ್ಲಿ ಏನಿತ್ತು ಹೇಳಿ? ನೀರು! 1,200 ಗ್ಯಾಲನ್, ಸುಮಾರು 4,500 ಲೀಟರ್.

"ಅವರಿಗೆ ಗೊತ್ತಿತ್ತು ಅಜ್ಜ" ಎಂದ ಪುಟ್ಟ, ಗೀಟು ಹಾಕುತ್ತಲೇ. ನಾನು ಹೌದೆಂದೆ.

ಆಮೇಲೆ ಅವನೇ ಕೇಳಿದ: "ಆ ನಾಲ್ಕು ಮಕ್ಕಳು 26 ದಿನ ಹೀಗೇ ಕೂತಿದ್ರಾ?" ಹೌದು, ಇದೇ ಅಂಚಿನಲ್ಲಿ, ಇದೇ ಪರ್ವತದ ಬುಡದಲ್ಲಿ. ಅವನು ನೋಡಬೇಕೆಂದ ಜಾಗವನ್ನು ನಾವು ತಲುಪಲಿಲ್ಲ. ಆದರೆ ಕಾಯುವುದೆಂದರೇನು ಎಂಬುದನ್ನು ಅವನು ಅಂದು ನೋಡಿದ.

ಎರಡೂವರೆ ಗಂಟೆ ಕಳೆಯಿತು. ದಕ್ಷಿಣದ ಕಡೆ ದೂಳು ಎದ್ದಿತು. ಚಿನ್ನು "ಎತ್ತು!" ಎಂದು ಕೂಗಿದಳು. ಎತ್ತಲ್ಲ, ಹಳೆಯ ಪಿಕಪ್ ಟ್ರಕ್. ನನ್ನ ವಯಸ್ಸಿನ ಅಮೆರಿಕನ್ ದಂಪತಿ. ಗಂಡ ಇಳಿದವನೇ ಮೊದಲು ಕೇಳಿದ್ದು ಟೈರಿನ ಬಗ್ಗೆಯಲ್ಲ, "ನೀರಿದೆಯೇ?" ಎಂದು. ಪುಟ್ಟ ತನ್ನ ಹಾಳೆ ತೋರಿಸಿದ. ಇನ್ನೂ ಮೂರು ಲೀಟರ್ ಉಳಿದಿತ್ತು. ಆತ ಮೆಚ್ಚಿ ತಲೆಯಾಡಿಸಿ, ತನ್ನ ಗಾಡಿಯಿಂದ ಗಾಳಿ ತುಂಬುವ ಪಂಪು ತೆಗೆದ. ಸ್ಟೆಪ್ನಿಗೆ ಗಾಳಿ ತುಂಬಿ, ಗಾಲಿ ಬದಲಿಸಿ, ಡಾಂಬರು ರಸ್ತೆಯವರೆಗೂ ನಮ್ಮ ಹಿಂದೆಯೇ ಬಂದರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ನನ್ನಾಕೆ ಚಕ್ಕುಲಿ ಡಬ್ಬವನ್ನೇ ಕೊಟ್ಟುಬಿಟ್ಟಳು.

ಸೂರ್ಯ ಇಳಿಯುತ್ತಿದ್ದ. ಬೆಳಿಗ್ಗೆ ಬಿಳಿಯಾಗಿದ್ದ ಉಪ್ಪಿನ ಬಯಲು ಗುಲಾಬಿಯಾಗಿತ್ತು. ದಾರಿ ಬದಿಯಲ್ಲಿ ಅಲ್ಲಲ್ಲಿ ಹಳದಿ ಕಾಡುಹೂಗಳು; ಬರುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೋಣೆಗೆ ಬಂದು ಮಂಚದಡಿ ಬಗ್ಗಿ, ನಾಲ್ಕು ಕ್ಯಾನ್‌ಗಳನ್ನೂ ನಾನೇ ಹೊತ್ತು ಕಾರಿನಲ್ಲಿಟ್ಟೆ. ಪುಟ್ಟ ಹಿಂದೆಯೇ ಬಂದು ಎಣಿಸಿದ. ಮಲಗುವ ಮುನ್ನ ಸೊಸೆ ಅವನ ಬಳಿ ಕೂತು "ಸಾರಿ" ಎಂದದ್ದೂ, ಅವನು "ಪರವಾಗಿಲ್ಲಮ್ಮ" ಎಂದು ಕನ್ನಡದಲ್ಲೇ ಹೇಳಿದ್ದೂ ನನ್ನ ಕಿವಿಗೆ ಬಿತ್ತು.

ನಿಮ್ಮಲ್ಲಿ ಯಾರಾದರೂ ರಾಜಸ್ಥಾನದ ಥಾರ್‌ಗೋ, ಕಛ್‌ನ ರಣ್‌ಗೋ, ಬೇರೆ ದೇಶದ ಮರುಭೂಮಿಗೋ ಕಾರಿನಲ್ಲಿ ಹೊರಟರೆ ಇಷ್ಟು ನೆನಪಿಡಿ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಸಂಜೆಗೆ ಮರಳುವುದಾದರೂ ಸರಿ. ಹೊರಡುವ ಮುನ್ನ ಸ್ಟೆಪ್ನಿಯ ಗಾಳಿ ನೋಡಿ. ಮೊಬೈಲ್ ನಂಬಬೇಡಿ, ಕಾಗದದ ನಕ್ಷೆ ಇರಲಿ. ಯಾವ ದಾರಿಯಲ್ಲಿ ಹೋಗುತ್ತೀರೆಂದು ಯಾರಿಗಾದರೂ ಹೇಳಿಹೋಗಿ. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬೇಡಿ. ಮತ್ತು ಅಜ್ಜಂದಿರು ಡಿಕ್ಕಿಯಿಂದ ಏನನ್ನಾದರೂ ತೆಗೆದರೆ, ಹೇಳಿ ತೆಗೆಯಲಿ.

2023ರ ಆಗಸ್ಟ್‌ನಲ್ಲಿ ಹಿಲರಿ ಎಂಬ ಚಂಡಮಾರುತದ ಮಳೆ ಆ ಕಣಿವೆಗೂ ಬಂತು. ಒಂದು ವರ್ಷದ ಮಳೆ ಒಂದೇ ದಿನ ಸುರಿಯಿತು. ಬ್ಯಾಡ್‌ವಾಟರ್‌ನಲ್ಲಿ ಸತ್ತುಹೋಗಿದ್ದ ಸರೋವರ ಮತ್ತೆ ತುಂಬಿಕೊಂಡು ತಿಂಗಳುಗಟ್ಟಲೆ ನಿಂತಿತು. ಮರುವರ್ಷ ಜನ ಅದರಲ್ಲಿ ದೋಣಿಯನ್ನೂ ಓಡಿಸಿದರು. ಪುಟ್ಟ ಅದನ್ನು ನೋಡಿಬಂದು ನನಗೊಂದು ಫೋಟೋ ಕಳಿಸಿದ. ನಾವು ಉಪ್ಪಿನ ಮೇಲೆ ನಡೆದಾಡಿದ ಜಾಗದಲ್ಲಿ ನೀರು, ನೀರಿನಲ್ಲಿ ಟೆಲಿಸ್ಕೋಪ್ ಶಿಖರದ ತಲೆಕೆಳಗಾದ ಬಿಂಬ. ಅವನಿಗೆ ಈಗ ಮೀಸೆ ಮೂಡುತ್ತಿದೆ, ದನಿ ಒಡೆದಿದೆ. ಫೋಟೋದ ಕೆಳಗೆ ಕನ್ನಡದಲ್ಲಿ, ಅಕ್ಷರ ತಪ್ಪಿಲ್ಲದೆ, ಹೀಗೆ ಬರೆದಿದ್ದ:

"ಅಜ್ಜ, ಕ್ಯಾನ್ ಆರೂ ಇವೆ. ಎಣಿಸಿದ್ದೇನೆ."